ಗೋಣಿಬೀಡಿನಲ್ಲಿ ನುಂಗಿದ ಮಾತ್ರೆ

ಹೊರನಾಡಿಗೆ ಹೊರಟ ನಮ್ಮ ಬಸ್ಸು ಗೋಣಿಬೀಡಿನಲ್ಲಿ ಪಂಕ್ಚರ್ ಆಗಿ ನಿಂತಿದೆ. ಪಕ್ಕದ ಸೀಟಿನವಳು ಇನ್ನೂ ಚಿಕ್ಕ ವಯಸ್ಸಿನ ಸೊಸೆ. ಅತ್ತೆ ಹೂವು ತರಲು ಇಳಿದದ್ದೇ ನನ್ನತ್ತ ಬಾಗಿ, "ಅಕ್ಕಾ, ಹೊಟ್ಟೆ ನೋಯ್ತಾ ಇದೆ. ಬೆಳಿಗ್ಗೆಯೇ ಮಾತ್ರೆ ತಗೊಂಡಿದ್ದೀನಿ, ಆದ್ರೂ ಮುಟ್ಟಾಗ್ಬಿಡ್ತೀನಾ?" ಎಂದಳು. ಮುಟ್ಟಾದರೆ ದೇವಸ್ಥಾನದ ಹೊರಗೇ ನಿಲ್ಲಬೇಕು. ಹೋದ ಸಲವೂ ಹೀಗೇ ಆಗಿ, ದೇವಿಗೇ ನಿನ್ನ ಮೇಲೆ ಮನಸ್ಸಿಲ್ಲ ಅಂದಿದ್ದರಂತೆ ಮನೆಯಲ್ಲಿ.

ಸೆರಗಿನ ಮರೆಯಲ್ಲಿ ಅವಳು ತೋರಿಸಿದ ಮಾತ್ರೆ ಶೀಟಿನ ಮೇಲೆ ಕೆಂಪು ತ್ರಿಕೋನವಿತ್ತು. ಮಕ್ಕಳಾಗದಿರಲೆಂದು ಸರ್ಕಾರ ಪುಕ್ಕಟೆ ಹಂಚುವ ಮಾತ್ರೆ. ಮುಟ್ಟು ಮುಂದೂಡಲು ನಮ್ಮ ಕಡೆಯ ಹೆಂಗಸರೂ ಇದನ್ನೇ ನುಂಗುವುದುಂಟು. "ಆಗಲಿಕ್ಕಿಲ್ಲ" ಎಂದೆ. ನನಗೇನು ಗೊತ್ತು.

ಅತ್ತೆ ಮಲ್ಲಿಗೆ ಹಿಡಿದು ಹತ್ತಿದರು. "ಅಮ್ಮನ ಹತ್ರ ಮಗು ಬೇಡೋಕೆ ಹೊರಟಿದ್ದೀವಿ ಕಣಮ್ಮ. ಮದುವೆಯಾಗಿ ನಾಲ್ಕು ವರ್ಷ ಆಯ್ತು" ಎಂದವರು ಸೊಸೆಗೆ ನೀರಿನ ಬಾಟಲಿ ಚಾಚಿದರು. "ನರ್ಸಮ್ಮ ಕೊಟ್ಟಿದ್ದು ನುಂಗಿದ್ಯಾ?"

ಬೆಳಿಗ್ಗೆಯೇ ನುಂಗಿದ್ದವಳು ನನ್ನ ಮುಖ ನೋಡುತ್ತಲೇ ಅದೇ ಶೀಟಿನಿಂದ ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು.