ಅಬ್ಬಾನ ಕನ್ನಡ, ಗೌಡರ ದಖ್ನಿ

ವಿಜಯಪುರದ ನಮ್ಮ ಮನೆಯೊಳಗೆ ದಖ್ನಿ ಉರ್ದು, ಹೊಸಿಲು ದಾಟಿದರೆ ಕನ್ನಡ. ಅಬ್ಬಾ ಮತ್ತು ಅವರ ಗೆಳೆಯ ಮಾತ್ರ ಇದನ್ನು ಅದಲುಬದಲು ಮಾಡಿಕೊಂಡಿದ್ದರು. ನಮಗೆ ರೇಷ್ಮೆಗೂಡು ತಂದುಕೊಡುವ ಆ ಗೌಡರು ಅಬ್ಬಾನ ಜೊತೆ ದಖ್ನಿಯಲ್ಲೇ ಮಾತಾಡುತ್ತಿದ್ದರು, ಅಬ್ಬಾ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ ಕೊಡುವ ಮರ್ಯಾದೆ ಅದು. ಗೌಡರ ದಖ್ನಿ ಕೇಳಿ ನಾವು ಹುಡುಗಿಯರು ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು.

ತಂಗಿಯ ಮದುವೆ ಹತ್ತಿರವಿತ್ತು. ನೂಲು ತೆಗೆಯುವ ನಮ್ಮ ಶೆಡ್ಡಿನಲ್ಲಿ, ಬೇರೆ ರೈತರೂ ನಿಂತಿದ್ದಾಗ, ಅಬ್ಬಾ ಗೌಡರ ಗೂಡೊಂದನ್ನು, ಒಳಗಿನ ಹುಳ ಸರಿಯಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಇಂಥದ್ನೆಲ್ಲಾ ನನ್ ತಲೆಗೆ ಕಟ್ಬೇಡ ಕಣೋ," ಎಂದುಬಿಟ್ಟರು.

ಗೌಡರ ಮುಖ ಇಷ್ಟೇ ಇಷ್ಟಾಯಿತು. "ಆಯ್ತು ಸಾಬ್ರೆ, ಬರ್ತೀನಿ," ಎಂದರು. ಕನ್ನಡದಲ್ಲಿ! ಆಮೇಲೆ ದಾರಿಯಲ್ಲಿ ಎದುರಾದರೆ ಅಬ್ಬಾನೂ ದಖ್ನಿಯಲ್ಲೇ ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು.

ನಮ್ಮ ಮದುವೆಗಳಲ್ಲಿ ಹಿಂದೂ ಸ್ನೇಹಿತರಿಗೆಂದು ಬೇರೆ ಒಲೆ, ಬೇರೆ ಪಾತ್ರೆ, ಸಸ್ಯಾಹಾರಿ ಅಡುಗೆ. ನಮ್ಮ ಮನೆಯಲ್ಲಿ ಅದರ ಉಸ್ತುವಾರಿ ಯಾವಾಗಲೂ ಗೌಡರದು. ಅವರು ಒಲೆಯ ಮುಂದೆ ನಿಂತರೆ ಬೀದಿಯವರೆಲ್ಲ ನಿಶ್ಚಿಂತೆಯಿಂದ ಉಣ್ಣುತ್ತಿದ್ದರು. ಅವರು ಬರದಿದ್ದರೆ ಎಲೆಗಳು ಹಾಗೇ ಉಳಿಯುತ್ತವೆ, ಅಬ್ಬಾ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಹೋಗಿ ಒಂದು ಮಾತಾಡಿ ಎಂದು ನಾನು ಹೇಳಿದರೆ, ಮದುವೆಗೆ ಕರೆದಾಗಿದೆಯಲ್ಲ ಎಂದು ಅಬ್ಬಾ ಗುರುಗುಟ್ಟಿದರು. ಈ ಇಬ್ಬರು ಮುದುಕರ ಜಂಬಕ್ಕೆ ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಮದುವೆಯ ಬೆಳಿಗ್ಗೆ ಒಲೆ ಹತ್ತಿತು, ಗೌಡರ ಸುಳಿವಿಲ್ಲ. ಬೇಳೆಗೆ ನೀರಿಡೋಣವೇ ಎಂದು ಅಡುಗೆಯವರು ಕೇಳಿದರೆ ಅಬ್ಬಾ ಗೇಟಿನ ಕಡೆಗೇ ನೋಡುತ್ತಿದ್ದರು.

ಕೊನೆಗೆ ಗೌಡರ ಟಿವಿಎಸ್ ಬಂತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನೇರ ಒಲೆಯ ಹತ್ತಿರ ಹೋದರು. "ಸಾಬ್ರೆ, ತರಕಾರಿ ಎಲ್ಲಿಟ್ಟಿದ್ದೀರಿ?" ಅಷ್ಟೇ. ಅಡುಗೆ ಮುಗಿಯುವವರೆಗೂ ಅದೇ ಸಾಬ್ರೆ, ಅದೇ ಬಹುವಚನ. ಅದರ ಬದಲು ಅವರು ಬರದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಊಟಕ್ಕೆ ಎಲೆ ಹಾಕಿದರು. ಬೀದಿಯವರೆಲ್ಲ ಕೂತಿದ್ದರು, ಶೆಡ್ಡಿನಲ್ಲಿ ಅಂದು ಇದ್ದ ರೈತರೂ ಇದ್ದರು. ಗೌಡರು ಸಾರಿನ ಬಕೆಟ್ ಹಿಡಿದು ಬರುವಾಗ ಅಬ್ಬಾ ಅಡ್ಡ ನಿಂತರು.

"ಅಷ್ಟು ಜನದ ಮುಂದೆ ನಿಂಗೆ ಹಂಗನ್ಬಾರ್ದಾಗಿತ್ತು ಕಣೋ," ಎಂದರು. ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ.

ಪಂಕ್ತಿಯಲ್ಲಿ ಯಾರೂ ತುತ್ತೆತ್ತಲಿಲ್ಲ. ಗೌಡರು ಬಕೆಟ್ ಕೆಳಗಿಟ್ಟರು.

"ಅಬ್ ಬೋಲ್‌ರಾ ಕ್ಯಾ ರೇ?" ಎಂದು ಗದರಿದರು.

ಈಗ ಹೇಳ್ತಿದ್ದೀಯಾ ಎಂದು ಅವರು ಬೈದದ್ದು ನಮ್ಮ ಮನೆಯ ಮಾತಿನಲ್ಲಿ. ನಾನು ದುಪಟ್ಟಾ ಬಾಯಿಗೆ ತುರುಕಿಕೊಂಡೆ, ಆದರೆ ಆ ದಿನ ಬಂದದ್ದು ನಗುವಲ್ಲ.