ಅಕ್ಕನ ರಗ್ಗು ಮತ್ತು ಜನರೇಟರಿನ ಬಿಸಿಗಾಳಿ

ಒಂದು ರಗ್ಗಿನ ವಿಷಯದಲ್ಲಿ ನಾನು ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಬಿಡಬೇಕಾಗಿದ್ದದ್ದು ಒಂದೇ ಸಲ, ಎರಡೇ ಮಾತು. ಇವತ್ತು ಬೆಳಿಗ್ಗೆ ಚಂದಾಪುರದ ಮನೆಯಲ್ಲಿ ಅದೇ ರಗ್ಗಿನ ಮೇಲೆ ಕೂತು ಸಾಕ್ಸು ಹಾಕಿಕೊಳ್ಳುವಾಗ ಡೀಸೆಲ್ ವಾಸನೆ ಬಂತು. ಎಷ್ಟು ಒಗೆದರೂ ಹೋಗದು. ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು ಬೇರೆ, ರಗ್ಗು ವಿಭೂತಿ ಬಳಿದುಕೊಂಡ ಹಾಗೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಜಿಗಣಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯೊಂದರಲ್ಲಿ ಜನರೇಟರ್ ನೋಡಿಕೊಳ್ಳುತ್ತೇನೆ. ಕೆಲಸ ಕೊಡಿಸಿದ್ದು ಅಕ್ಕ; ಅವಳು ಅಲ್ಲೇ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಕರೆಂಟ್ ಹೋದರೆ ಇಡೀ ಕಾರ್ಖಾನೆ ನನ್ನ ಮುಖ ನೋಡುತ್ತದೆ. ಉಳಿದ ಹೊತ್ತು ಯಾರೂ ನೋಡುವುದಿಲ್ಲ, ನೋಡುವಂಥದ್ದೂ ಇಲ್ಲ ಬಿಡಿ.

ಈ ಯಂತ್ರದ ಸ್ವಭಾವ ನಿಮಗೆ ಸ್ವಲ್ಪ ಹೇಳಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒಳಗಿನ ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಅದರ ಮೇಲೆ ಒಂದಿಷ್ಟು ಡೀಸೆಲ್ ಚಿಮುಕಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ನಮ್ಮ ಮ್ಯಾನೇಜರ್ ಕೂಡ ಇದೇ ಮಾದರಿ. ಹತ್ತಿಕೊಂಡ ಏಟಿಗೆ ಎಂಜಿನ್ ತಿರುಗುತ್ತದೆ, ಅದಕ್ಕೆ ಜೋಡಿಸಿದ ಆಲ್ಟರ್ನೇಟರ್ ತಿರುಗಿ ಕರೆಂಟ್ ಕೊಡುತ್ತದೆ. ಎಬ್ಬಿಸಲು ಬ್ಯಾಟರಿ, ಸವೆಯದಿರಲು ಆಯಿಲ್, ಹೊಗೆಗೆ ಕೊಳವೆ. ಮೈ ಕಾಯದಿರಲು ಸುತ್ತ ನೀರು ಹರಿಯುತ್ತದೆ. ಆ ನೀರಿನ ಬಿಸಿಯನ್ನು ರೇಡಿಯೇಟರಿನ ಫ್ಯಾನು ಗೋಡೆಯ ಕಿಂಡಿಯಿಂದ ಹೊರಗೆ ಊದುತ್ತದೆ. ನೀರು ಮಿತಿಮೀರಿ ಕಾದರೆ ಎಂಜಿನ್ ತಾನೇ ನಿಂತುಬಿಡುತ್ತದೆ, ಅದಕ್ಕೆ ಟ್ರಿಪ್ ಅನ್ನುತ್ತೇವೆ. ಇದನ್ನೆಲ್ಲ ನನಗೆ ಚೆನ್ನಾಗಿ ಕಲಿಸಿದ್ದರು. ಕಿಂಡಿಗೆ ರಗ್ಗು ಕಟ್ಟಬೇಡ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆ ಬಿಸಿಗಾಳಿ ಇದೆಯಲ್ಲ, ಮಳೆಗಾಲದಲ್ಲಿ ಅದು ನಮಗೆ ಚಿನ್ನ. ಜನರೇಟರ್ ಶುರುವಾದರೆ ಸಾಕು, ಯೂನಿಫಾರ್ಮು, ಸಾಕ್ಸು, ವಾಚ್‌ಮನ್ನರ ಛತ್ರಿ, ಎಲ್ಲವೂ ಕಿಂಡಿಯೆದುರಿನ ಹಗ್ಗಕ್ಕೆ ಬಂದು ಸೇರುತ್ತಿದ್ದವು. ನಾಲ್ಕು ವರ್ಷದ ಹಿಂದೆ ಒಮ್ಮೆ ವಾರವಿಡೀ ಬಿಸಿಲಿಲ್ಲ. ಅಕ್ಕ ಒಗೆದ ರಗ್ಗು ತಂದುಕೊಟ್ಟು, "ದೂರ ಹಗ್ಗಕ್ಕೆ ಹಾಕೋ" ಅಂದಳು. ಹತ್ತಿರವಾದಷ್ಟೂ ಬೇಗ ಒಣಗುತ್ತದೆಂದು ನಾನು ಕಿಂಡಿಗೇ ಹೊದಿಸಿದೆ. ಹಾರಿಹೋಗದಿರಲೆಂದು ನಾಲ್ಕು ಮೂಲೆಗೂ ತಂತಿ ಬಿಗಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮತ್ತೆ ಮಾಡಿಲ್ಲ.

ಹತ್ತು ನಿಮಿಷಕ್ಕೆ ಎಂಜಿನ್ ಟ್ರಿಪ್ ಆಯಿತು. ಬಕೆಟ್ ನೋಡಲು ಬಂದಿದ್ದ ಗಿರಾಕಿಗಳು ಕತ್ತಲಲ್ಲಿ ನಿಂತರು. ಮ್ಯಾನೇಜರ್ ಓಡಿಬಂದು, ಕಿಂಡಿಯ ಕಬ್ಬಿಣದ ಪಟ್ಟಿಗಳ ಗುರುತು ಬಿದ್ದು ಹಬೆಯಾಡುತ್ತಿದ್ದ ರಗ್ಗು ನೋಡಿ, "ಯಾರ್ದ್ರೀ ಇದು?" ಅಂದರು. ನನ್ನ ನಾಲಿಗೆಯೂ ಟ್ರಿಪ್ ಆಯಿತು.

"ನಂದು ಸಾರ್. ನಾನೇ ಕಟ್ದೆ," ಅಂದಳು ಹಿಂದೆಯೇ ಓಡಿಬಂದಿದ್ದ ಅಕ್ಕ.

ಮುಂದಿನ ತಿಂಗಳಿಂದ ಕ್ಯಾಂಟೀನನ್ನು ಅವಳ ಕೈಗೇ ಒಪ್ಪಿಸುವುದೆಂದು ಮಾತಾಗಿತ್ತು. ಅದು ಅಲ್ಲಿಗೇ ನಿಂತಿತು. ಸಿಕ್ಕಿದ್ದು 'ರಗ್ಗಕ್ಕ' ಎಂಬ ಹೆಸರು.

ನಾನು ಕ್ಷಮೆ ಕೇಳಿಲ್ಲವೆಂದಲ್ಲ. ಅವಳು ಊಟ ತಂದಾಗ ಎಷ್ಟೋ ಸಲ ಕೇಳಿದ್ದೇನೆ, ಜನರೇಟರ್ ಓಡುತ್ತಿರುವಾಗ ಮಾತ್ರ. ಅವಳು ಕಿವಿಗೆ ಕೈಯಿಟ್ಟು "ಏನೋ?" ಅನ್ನುವಳು, ಸಾರು ಚೆನ್ನಾಗಿದೆ ಎಂದು ನಾನು ಬೆರಳಲ್ಲಿ ತೋರಿಸುವೆನು.

ಇವತ್ತು ಮಧ್ಯಾಹ್ನ ಅವಳು ಊಟದ ಡಬ್ಬಿ ತಂದಾಗಲೂ ಅದೇ ಧೈರ್ಯದಲ್ಲಿ ಕಿರುಚಿದೆ. ಪಕ್ಕದಲ್ಲೇ ಕ್ಯಾಂಟೀನಿನ ಸಾಲು ಇತ್ತು. ಕರೆಂಟ್ ಬಂದಿದ್ದು ನನ್ನ ಗಮನಕ್ಕೆ ಬರಲಿಲ್ಲ. ಎಂಜಿನ್ ತಾನೇ ನಿಂತಿತು, ನಾನು ನಿಲ್ಲಲಿಲ್ಲ. "ಆ ರಗ್ಗು ಕಟ್ಟಿದ್ದು ನಾನೇ ಅಕ್ಕಾ" ಎಂಬುದು ತಟ್ಟೆ ಹಿಡಿದಿದ್ದ ಅಷ್ಟೂ ಜನರಿಗೆ ಕೇಳಿಸಿತು. ಸಾಲಿನಲ್ಲಿ ಮ್ಯಾನೇಜರೂ ಇದ್ದರು.

ಅಕ್ಕ ಡಬ್ಬಿ ಕೆಳಗಿಟ್ಟಳು. "ನಂಗೊತ್ತಿರೋದನ್ನ ನಂಗ್ಯಾಕೋ ಹೇಳ್ತೀಯ? ಆ ಕಡೆ ತಿರುಗಿ ಹೇಳು."

ತಿರುಗಿದೆ. "ಸಾರ್, ಅವತ್ತು ಕಟ್ಟಿದ್ದು ನಾನು. ಅಕ್ಕ ದೂರ ಹಾಕು ಅಂದಿದ್ಲು," ಅಂದೆ. ಮ್ಯಾನೇಜರ್ ಹತ್ತಿಕೊಳ್ಳುತ್ತಾರೆಂದು ಕಾದೆ. ಅವರು ತಟ್ಟೆ ಹಿಡಿದು ಅಕ್ಕನನ್ನೇ ನೋಡುತ್ತಿದ್ದರು. ನಾನೂ ಅವಳ ಕಡೆ ತಿರುಗಿದೆ. ಯಾರೂ ಕಿವಿಗೆ ಕೈಯಿಡಬೇಕಾಗದ ದನಿಯಲ್ಲಿ ಹೇಳಿದೆ:

"ತಪ್ಪಾಯ್ತಕ್ಕ. ಸಾರು ಮಾತ್ರ ನಿಜ್ವಾಗ್ಲೂ ಚೆನ್ನಾಗಿತ್ತು."