ಹಲ್ಲಕ್ಕನೂ ಹೊಸ ಅಸೆಂಬ್ಲರೂ

ಈ ಲೋಕದಲ್ಲಿ ಹಲ್ಲಕ್ಕನಿಗೆ ಹೇಸಿಗೆಯಾಗದ ವಸ್ತು ಒಂದೇ ಒಂದಿತ್ತು, ಅದು ಬೇರೆಯವರ ಬಾಯಿ. ಅದೇ ಅವಳ ಕಸುಬು. ಕಟ್ಟುಹಲ್ಲು ಮಾಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಯಾರದೋ ವಸಡಿನ ಅಚ್ಚಿಗೆ ಗಾರೆ ಸುರಿದು, ಮೇಣದ ಮೇಲೆ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಉಳಿದದ್ದೆಲ್ಲ ಅಸಹ್ಯ. ಬಸ್ಸಿನ ಕಂಬಿ ಅಸಹ್ಯ, ಒದ್ದೆ ಟವೆಲು ಅಸಹ್ಯ, ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ಅರ್ಧವನ್ನು ಲೋಟದಲ್ಲೇ ಮುಳುಗಿಸಿಬಿಡುವ ಗಂಡ ಅಸಹ್ಯ. ಬೆಳಿಗ್ಗೆ ಅವಳ ಬಚ್ಚಲಿನಿಂದ ಮೊದಲ 'ಥೂ' ಕೇಳಿಸಿದರೆ ಪಕ್ಕದ ಮನೆಯವರು ಎದ್ದು ಒಲೆ ಹಚ್ಚುತ್ತಿದ್ದರು.

ಇಂಥವಳಿಗೆ ಸಂಜೆಹೊತ್ತು ಇನ್ನೊಂದು ಕೆಲಸವಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಒಯ್ಯಬಹುದು. ಅದನ್ನು ನೋಡಿಕೊಳ್ಳುವವರು ಎಲ್ಲೆಲ್ಲೋ ಚದುರಿಕೊಂಡಿದ್ದರು. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಮಾತೆಲ್ಲ ಇ-ಮೇಲಿನಲ್ಲೇ. ಹಳೆಯ, ಅಗ್ಗದ, ಯಾರಿಗೂ ಬೇಡವಾದ ಒಂದು ಕಂಪ್ಯೂಟರ್ ಚಿಪ್ಪಿಗೆ ಬೇಕಾದ ಭಾಗವನ್ನು ಹಲ್ಲಕ್ಕ ಕೈಯಾರೆ ಬರೆದಿದ್ದಳು. ಯಂತ್ರಕ್ಕೆ ತೀರಾ ಹತ್ತಿರದ ಭಾಷೆ ಅದು. ಆ ಸಾಲುಗಳನ್ನು ಯಂತ್ರ ನುಂಗುವಂತೆ ನುಣ್ಣಗೆ ಅರೆದುಕೊಡುವ ಪ್ರೋಗ್ರಾಮಿಗೆ ಅಸೆಂಬ್ಲರ್ ಅನ್ನುತ್ತಾರೆ.

ಅವಳು ಇದಕ್ಕೆಲ್ಲ ಕೈಹಾಕಿದ್ದು ಅಣ್ಣನಿಗಾಗಿ. ಅಣ್ಣ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿದ್ದವನು. ಕಂಚಿನ ಕಂಠ, ಅವನು ಬಸ್ಸಿನ ಹೊತ್ತು ಹೇಳಿದರೆ ಆಚೆ ರಸ್ತೆಯ ಹಣ್ಣಿನ ಗಾಡಿಯವನೂ ಗಡಿಯಾರ ನೋಡಿಕೊಳ್ಳುತ್ತಿದ್ದ. ಗಂಟಲಿಗೆ ಕಾಯಿಲೆ ಬಂತು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಆಪರೇಷನ್ನಿಗೆ ಮುಂಚೆ ಹಲ್ಲಕ್ಕ ಅವನನ್ನು ತನ್ನ ಅಡುಗೆಮನೆಯಲ್ಲಿ ಕೂರಿಸಿ, ಕಿಟಕಿ ಮುಚ್ಚಿ, ಪತ್ರಿಕೆ, ಹವಾಮಾನ, ಬಸ್ಸಿನ ವೇಳಾಪಟ್ಟಿ ಎಲ್ಲ ಓದಿಸಿದಳು. ಆ ದನಿಯನ್ನು ಚೂರು ಚೂರು ಮಾಡಿ, ಅದೇ ಅಗ್ಗದ ಚಿಪ್ಪಿದ್ದ, ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಳಗೆ ಜೋಡಿಸಿಟ್ಟಳು. ಅಣ್ಣ ಅದರ ಗುಂಡಿಗಳನ್ನು ಒತ್ತಿದರೆ ಅವನದೇ ದನಿ ಬರುತ್ತಿತ್ತು. ಸ್ವಲ್ಪ ಚಪ್ಪಟೆ, ಆದರೆ ಅವನದೇ.

ನಿಲ್ದಾಣದ ಸಾಹೇಬರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಡೆದಷ್ಟು ದಿನ ನಡೀಲಿ. ಕೆಟ್ಟು ಕೂತ್ರೆ ನಿನ್ನನ್ನ ಪಾರ್ಸೆಲ್ ಗೋಡೌನಿಗೆ ಹಾಕ್ತೀನಿ, ಅಲ್ಲಿ ಮಾತಾಡೋ ಕೆಲಸ ಇಲ್ಲ," ಅಂದಿದ್ದರು. ಜನರ ಮುಖ ನೋಡದೆ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ. ಗೋಡೌನಿಗೆ ಕಿಟಕಿಯೂ ಇರಲಿಲ್ಲ.

ತಂತ್ರಾಂಶದ ಬಳಗದಲ್ಲಿ ಒಂದು ಪದ್ಧತಿಯಿತ್ತು. ಏನಾದರೂ ಬದಲಾಯಿಸುವವರು ಎಲ್ಲರಿಗೂ ಮೇಲ್ ಹಾಕಬೇಕು. ಗಡುವಿನೊಳಗೆ ಯಾರೂ ಬೇಡ ಅನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಹಲ್ಲಕ್ಕ ಬೇಡ ಅಂದವಳೂ ಅಲ್ಲ, ಬೇಕು ಅಂದವಳೂ ಅಲ್ಲ. ಅಲ್ಲಿನ ಜಗಳಗಳು ಅವಳಿಗೆ ವಾಕರಿಕೆ ತರಿಸುತ್ತಿದ್ದವು. ನಿಜಕ್ಕೂ ವಾಕರಿಕೆ ಬರುವಂಥವೇ. ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ವಾರಗಟ್ಟಲೆ ಕಾಲು ಕೆರೆಯುವುದು, ನಡುನಡುವೆ ಹಲ್ಲು ಕಿರಿಯುವ ಹಳದಿ ಮುಖಗಳು, ಒಬ್ಬ ಇನ್ನೊಬ್ಬನನ್ನು 'ಗೌರವಾನ್ವಿತ ಗೆಳೆಯ' ಎಂದು ಕರೆದೇ ಕುತ್ತಿಗೆ ಹಿಸುಕುವುದು. "ಆ ಚರಂಡಿಗೆ ಯಾರು ಕೈ ಹಾಕ್ತಾರೆ? ನನ್ನ ಫೈಲು ನಾನು ನೋಡ್ಕೋತೀನಿ, ಸಾಕು," ಎಂದು ಮೇಲುಗಳನ್ನು ಓದದೆಯೇ ಅಳಿಸುತ್ತಿದ್ದಳು.

ಎಲ್ಲರ ಫೈಲುಗಳನ್ನು ಒಟ್ಟುಗೂಡಿಸಿ ಪ್ರೋಗ್ರಾಮ್ ಕಟ್ಟುವ ವ್ಯವಸ್ಥೆಯನ್ನು ನೋಡಿಕೊಳ್ಳುವವನಿಗೆ ಬಳಗದಲ್ಲಿ ಮೇಸ್ತ್ರಿ ಎಂದು ಹೆಸರು. ಮಹಾ ನಯವಂತ. ಅಷ್ಟು ನಯವೇ ಹಲ್ಲಕ್ಕನಿಗೆ ಅಂಟಂಟು ಅನ್ನಿಸುತ್ತಿತ್ತು. ಬೇರೆ ಏನೂ ಹೇಳದಿದ್ದರೆ ಆ ವ್ಯವಸ್ಥೆ ತಾನಾಗಿ ಕರೆಯುತ್ತಿದ್ದದ್ದು ಹಳೆಯ ಅಸೆಂಬ್ಲರನ್ನು. ಅದು ಮುದಿಯಾಗಿದೆ, ಇನ್ನು ಮುಂದೆ ಹೊಸದನ್ನು ಕರೆಯೋಣ ಎಂದು ಮೇಸ್ತ್ರಿ ಮಾರುದ್ದ ಬರೆದ. 'ಗೆಳೆಯರೇ, ಒಂದು ಸಂತಸದ ಸುದ್ದಿ' ಎಂದು ಶುರುವಾಗಿ ಪಕ್ಕದಲ್ಲೊಂದು ಹಳದಿ ಮುಖ ನಗುತ್ತಿತ್ತು. ಹಲ್ಲಕ್ಕ ಆ ಮುಖ ನೋಡಿ 'ಥೂ' ಅಂದಳು, ಅಳಿಸಿದಳು, ಕೈ ತೊಳೆಯಲು ಎದ್ದು ಹೋದಳು.

ಅಣ್ಣನ ಪೆಟ್ಟಿಗೆ ವಾರಕ್ಕೊಮ್ಮೆ ಬಳಗದ ಹೊಸ ಪ್ರೋಗ್ರಾಮನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಹಾಗೆ ಮಾಡಿಟ್ಟವಳೂ ಹಲ್ಲಕ್ಕನೇ. "ನಾನಿರೋವಾಗ ನೀನ್ಯಾಕೆ ತಲೆ ಕೆಡಿಸ್ಕೋತೀಯಾ?" ಅಂದಿದ್ದಳು.

ಗಡುವು ಮುಗಿದ ಮರುವಾರ, ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ಉದ್ದ ಸಾಲು. ಮುಂದಿದ್ದ ಅಜ್ಜಿ ಆಸ್ಪತ್ರೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು. ಅಣ್ಣ ಗುಂಡಿ ಒತ್ತಿದ. ಪೆಟ್ಟಿಗೆ ತೇಗಿತು. ಗೊರಗೊರ ಅಂದಿತು. ಕಟ್ಟಿಕೊಂಡ ಬಚ್ಚಲಲ್ಲಿ ನೀರು ಇಳಿಯುವ ಸದ್ದು, ಅದೂ ಅವನದೇ ದನಿಯಲ್ಲಿ. ಅವನು ಮತ್ತೆ ಒತ್ತಿದ, ಇನ್ನೂ ಜೋರಾಗಿ ಗೊರಗೊರ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿಂದೆ ಸರಿದಳು. ಸಾಲಿನಲ್ಲಿ ಒಬ್ಬ ಅದೇ ಸದ್ದು ಮಾಡಿ ಅಣಕಿಸಿದ, ಇನ್ನೊಬ್ಬ "ಬೆಳಬೆಳಿಗ್ಗೆನೇ ಏರಿಸ್ಕೊಂಡು ಬಂದಿದಾನೆ," ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತು ಬರದವನ ಎದುರು ನಿಂತು ನಗುವವರ ಬಾಯಿಗಿಂತ ಗಲೀಜು ಯಾವ ಬಚ್ಚಲಲ್ಲೂ ಇರಲಾರದು. ಸಾಹೇಬರು ಬಂದು, ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಅಣ್ಣನ ಕೈಗಿಟ್ಟರು. ಮಧ್ಯಾಹ್ನಕ್ಕೆ ಅವನು ಗೋಡೌನಿನಲ್ಲಿದ್ದ.

ಸಂಜೆ ಅವನು ಹಲ್ಲಿನ ಅಂಗಡಿಗೆ ಬಂದು, ಅಚ್ಚುಗಳ ನಡುವೆ ಪೆಟ್ಟಿಗೆಯನ್ನಿಟ್ಟು ಗುಂಡಿ ಒತ್ತಿದ. ಹಲ್ಲಕ್ಕನ ಬಾಯಿಂದ 'ಥೂ' ಹೊರಬಿತ್ತು. ಬೇರೊಬ್ಬರ ಬಾಯಿ ಅವಳಿಗೆ ಅಸಹ್ಯವಾದದ್ದು ಅದೇ ಮೊದಲು. ಅದೂ ಒಡಹುಟ್ಟಿದವನದು.

ಕಾರಣ ಹುಡುಕಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದೊಂದು ಸದ್ದಿಗೂ ಅವಳು ಒಂದೊಂದು ತುಂಡು ಬರೆದಿದ್ದಳು. ಎಲ್ಲ ತುಂಡುಗಳೂ ಒಂದೇ ಅಗಲ, ಒಂದೇ ಅಳತೆಯ ಖಾನೆಗಳ ಹಾಗೆ. ಇಷ್ಟನೆಯ ಸದ್ದು ಬೇಕೆಂದರೆ ಅಷ್ಟು ಖಾನೆ ದಾಟಿದರೆ ಸಾಕು. ಹಳೆಯ ಅಸೆಂಬ್ಲರ್ ಅವಳು ಬರೆದಷ್ಟೇ ಅಗಲ ಇಡುತ್ತಿತ್ತು. ಹೊಸದು ಜಾಣ, ಚಿಕ್ಕದಾಗಿ ಹೇಳಬಹುದಾದದ್ದನ್ನೆಲ್ಲ ಕುಗ್ಗಿಸಿ ಜಾಗ ಉಳಿಸಿತ್ತು. ಖಾನೆಗಳ ಅಳತೆ ತಪ್ಪಿ, ಪೆಟ್ಟಿಗೆ ಒಂದು ಸದ್ದಿನ ನಡುವಿಗೆ ಹೋಗಿ ಬೀಳುತ್ತಿತ್ತು. ಅಗಲ ಕೆಡಬಾರದು ಅಂತ ಅವಳು ಫೈಲಿನಲ್ಲಿ ಎಲ್ಲೂ ಬರೆದಿರಲಿಲ್ಲ. ತನಗೆ ಗೊತ್ತಿದೆಯಲ್ಲ, ಇನ್ಯಾರಿಗೆ ಹೇಳಬೇಕು?

ಮೈಯೆಲ್ಲ ಉರಿಯುತ್ತ ಅವಳು ಬಳಗಕ್ಕೆ ಮೊದಲ ಬಾರಿಗೆ ಬರೆದಳು. ಬಾಯಿಗೆ ಬಂದದ್ದನ್ನೆಲ್ಲ ಬರೆದಳು. ಕೊಲೆಗಡುಕರು ಅಂತಲೂ ಬರೆದಳು. ಮೇಸ್ತ್ರಿಯ ಉತ್ತರ ಬೇಗನೆ ಬಂತು, ಅದೇ ಅಂಟಂಟು ನಯ, ಆದರೆ ಹಳದಿ ಮುಖ ಇರಲಿಲ್ಲ. ಅವನು ತನ್ನ ಹಳೆಯ ಇ-ಮೇಲಿನ ಕೊನೆಯ ಸಾಲುಗಳನ್ನೇ ಕೆಳಗೆ ಅಂಟಿಸಿದ್ದ: 'ಹಲ್ಲಕ್ಕ, ಕೈಯಿಂದ ಬರೆದ ಫೈಲುಗಳು ಹೆಚ್ಚಾಗಿ ಇರುವುದು ನಿಮ್ಮ ಬಳಿ. ಎಲ್ಲಾದರೂ ಅಗಲವನ್ನು ನಂಬಿಕೊಂಡಿದ್ದರೆ ಬೇಡ ಅನ್ನಿ, ಇಡೀ ಕೆಲಸ ನಿಲ್ಲಿಸುತ್ತೇನೆ.' ನಿಮ್ಮ ಉತ್ತರಕ್ಕೆಂದು ಗಡುವನ್ನೂ ಮುಂದೂಡಿದ್ದೆ, ಎಂದು ಕೊನೆಗೆ ಬರೆದಿದ್ದ.

ಹಲ್ಲಕ್ಕ ಅದನ್ನು ಓದಿ, ಹಲ್ಲು ಕಚ್ಚಿಕೊಂಡು, 'ಕುಗ್ಗಿಸಬೇಡ' ಎನ್ನುವ ಒಂದೇ ಒಂದು ಸಾಲನ್ನು ತನ್ನ ಫೈಲಿಗೆ ಸೇರಿಸಿದಳು. ಪೆಟ್ಟಿಗೆ ಮೊದಲಿನಂತಾಯಿತು. ಕೌಂಟರು ಆಗಲಿಲ್ಲ. ಅಲ್ಲಿ ಆಗಲೇ ಬೇರೆಯವನು ಕೂತಿದ್ದ. "ಯಂತ್ರ ನಂಬೋಕಾಗಲ್ಲಪ್ಪ," ಅಂದರು ಸಾಹೇಬರು.

ಭಾನುವಾರ ಅಣ್ಣ ಮನೆಗೆ ಬಂದ. ತೋಳಿನ ಮೇಲೆ ಗೋಡೌನಿನ ಧೂಳು ಇನ್ನೂ ಹಾಗೇ ಇತ್ತು. ಅದೇ ಅಡುಗೆಮನೆ, ಅದೇ ಕುರ್ಚಿ. ಹಲ್ಲಕ್ಕ ಮೇಸ್ತ್ರಿಯನ್ನು ಬೈದಳು, ಬಳಗವನ್ನು ಬೈದಳು, ಸುಮ್ಮನಿದ್ದರೆ ಒಪ್ಪಿದ ಹಾಗೆ ಅನ್ನುವ ಆ ದರಿದ್ರ ಪದ್ಧತಿಯನ್ನು ಬೈದಳು. ಮೇಸ್ತ್ರಿ ತನ್ನನ್ನು ಹೆಸರು ಹಿಡಿದು ಕೇಳಿದ್ದನ್ನೂ, ತಾನು ಓದದೆ ಅಳಿಸಿದ್ದನ್ನೂ ಬೈಗುಳದ ನಡುವೆಯೇ ಬಡಬಡ ಹೇಳಿ ಮುಗಿಸಿದಳು. "ಆ ಹೊಲಸಲ್ಲಿ ಯಾರು ಬಾಯಿ ಹಾಕ್ತಾರೆ ಹೇಳು ಅಣ್ಣ?" ಅಂದಳು.

ಅಣ್ಣ ಲೋಟ ಕೆಳಗಿಟ್ಟು, ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ನಿಧಾನವಾಗಿ ಗುಂಡಿಗಳನ್ನು ಒತ್ತಿದ.

"ಬೇಡ ಅನ್ನೋಕೆ ನಿನಗೆ ಬಾಯಿ ಇತ್ತಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಪೆಟ್ಟಿಗೆಗೆ ಸಿಟ್ಟು ಬರುತ್ತಿರಲಿಲ್ಲ. ಆವತ್ತು ಇದೇ ಕುರ್ಚಿಯಲ್ಲಿ ಅವಳು ಓದಿಸಿದ್ದು ಪತ್ರಿಕೆ, ಹವಾಮಾನ, ಬಸ್ಸಿನ ಹೊತ್ತು ಮಾತ್ರ.